ಟ್ರಾಮು ಹತ್ತದವರ ನೆನಪು

ಕಳೆದ ಚಳಿಗಾಲದ ಒಂದು ಭಾನುವಾರ ಸಂಘದ ಕಾರ್ಯಕ್ರಮ ಮುಗಿದು ಎಲ್ಲರೂ ಕಾಫಿ ಕುಡಿಯುತ್ತ ನಿಂತಿದ್ದಾಗ ತರುಣ ಮಿತ್ರರೊಬ್ಬರು ತಮ್ಮ ಫೋನಿನಲ್ಲಿ ಒಂದು ಹಳೆಯ ಚಿತ್ರ ತೋರಿಸಿದರು. ಚಾಂದನಿ ಚೌಕ, ರಸ್ತೆಯ ನಡುವೆ ಹಳಿ, ಹಳಿಯ ಮೇಲೆ ಪಕ್ಕಗಳೆಲ್ಲ ತೆರೆದಿದ್ದ ಒಂದು ಟ್ರಾಮು, ಮೆಟ್ಟಿಲ ಮೇಲೆ ಜೋತುಬಿದ್ದ ಜನ. ಚಿತ್ರ ಕೈಯಿಂದ ಕೈಗೆ ಹೋಯಿತು. ‘ಎಂಥ ಚೆಂದದ ದಿಲ್ಲಿ!’ ಎಂದರು ಒಬ್ಬರು. ‘ಎಲ್ಲ ಹಾಳುಮಾಡಿಬಿಟ್ಟರು’ ಎಂದರು ಇನ್ನೊಬ್ಬರು. ನಾವೂ ನಮ್ಮ ಪಾಲಿನ ನಿಟ್ಟುಸಿರು ಸೇರಿಸಿದೆವು. ಆ ಗುಂಪಿನಲ್ಲಿ ಟ್ರಾಮನ್ನು ಕಣ್ಣಾರೆ ಕಂಡಿದ್ದವರು ಒಬ್ಬರೇ. 1957ರಲ್ಲಿ ಧಾರವಾಡದ ಕಡೆಯಿಂದ ಗುಮಾಸ್ತರಾಗಿ ಬಂದ ರಾಯರು. ಪಹಾಡಗಂಜಿನಲ್ಲಿ ಕೋಣೆ ಹಿಡಿದಿದ್ದ ಕಾಲದಲ್ಲಿ ಹಳೇ ಪೇಟೆಗೆ ಹೋಗಲು ಅವರು ಟ್ರಾಮು ಹತ್ತುತ್ತಿದ್ದರಂತೆ. ‘ಅದು ನಿಂತಾಗ ನಿಮಗೆ ಬಹಳ ಬೇಸರವಾಗಿರಬೇಕು ರಾಯರೇ’ ಎಂದು ನಾವು ಕೇಳಿದೆವು. ಅವರು ನಕ್ಕರು. ‘ನಿಂತದ್ದು ನನಗ ಗೊತ್ತಾಗಲೇ ಇಲ್ಲ ನೋಡ್ರಿ. ಅಷ್ಟೊತ್ತಿಗೆ ನಾ ಸೈಕಲ್ ತೊಗೊಂಡಿದ್ದೆ.’

ಈ ಮಾತು ನಮ್ಮ ಬಾಯಿ ಕಟ್ಟಿತು. ಟ್ರಾಮು ಹತ್ತಿದವರಿಗೆ ಇಲ್ಲದ ದುಃಖ ಹತ್ತದವರಿಗೆ ಎಲ್ಲಿಂದ ಬಂತು? ನೋಡದೇ ಇದ್ದ ವಸ್ತುವಿಗಾಗಿ ಮರುಗುವುದು ಮನಸ್ಸಿನ ದೊಡ್ಡತನವೋ, ಅಥವಾ ಖರ್ಚಿಲ್ಲದೆ ಸಿಗುವ ಒಂದು ಸುಖವೋ? ಮನೆಗೆ ಹೋಗುವ ದಾರಿಯುದ್ದಕ್ಕೂ ಇದೇ ಯೋಚನೆ.

ಮೊದಲು ವಿಷಯವನ್ನಷ್ಟು ನೇರಮಾಡಿಕೊಳ್ಳೋಣ. ದಿಲ್ಲಿಯಲ್ಲಿ ಟ್ರಾಮು ಓಡಲು ಆರಂಭಿಸಿದ್ದು 1908ರ ಮಾರ್ಚ್ ತಿಂಗಳಲ್ಲಿ. 1921ರ ಹೊತ್ತಿಗೆ ಸುಮಾರು 15 ಕಿಲೋಮೀಟರು ಹಳಿಯ ಮೇಲೆ 24 ಗಾಡಿಗಳು ಓಡುತ್ತಿದ್ದವು. ಜಾಮಾ ಮಸೀದಿ, ಚಾವಡಿ ಬಜಾರ್, ಲಾಲ್ ಕುಆ, ಫತೇಪುರಿ, ಸದರ್ ಬಜಾರ್, ಸಬ್ಜಿ ಮಂಡಿ, ತೀಸ್ ಹಜಾರಿ, ಹೀಗೆ ಸಾಗುತ್ತಿತ್ತು ಅದರ ಸಂಚಾರ. ಈ ಹೆಸರುಗಳನ್ನು ಗಮನಿಸಬೇಕು. ಸಾಹೇಬರು ಇದ್ದ ಕಡೆಗಲ್ಲ, ಹಮಾಲರು, ಅಂಗಡಿ ಗುಮಾಸ್ತರು, ತರಕಾರಿಯವರು ಇದ್ದ ಕಡೆಗೆ ಟ್ರಾಮು ಹೋಗುತ್ತಿತ್ತು. 1963ರಲ್ಲಿ ಅದು ನಿಂತಿತು. ರಸ್ತೆ ಕಿರಿದು, ಜನ ಹೆಚ್ಚು, ಮೋಟಾರು ಹೆಚ್ಚು. ನಡುರಸ್ತೆಯಲ್ಲಿ ನಿಧಾನವಾಗಿ ಸಾಗುವ ಗಾಡಿ ಎಲ್ಲರಿಗೂ ಅಡ್ಡ. ಅದೇ ತೀಸ್ ಹಜಾರಿಗೆ ಮತ್ತೆ ಹಳಿಯ ಮೇಲೆ ಗಾಡಿ ಬಂದದ್ದು 2002ರ ಡಿಸೆಂಬರಿನಲ್ಲಿ, ಶಾಹದರಾದಿಂದ ಮೆಟ್ರೋ ಹೊರಟಾಗ. ನಡುವೆ ಮೂವತ್ತೊಂಬತ್ತು ವರ್ಷ.

ಟ್ರಾಲಿಬಸ್ಸಿನ ಕಥೆ ಇನ್ನೂ ಚಿಕ್ಕದು. ಹಳಿಯಿಲ್ಲದೆ, ತಲೆಯ ಮೇಲಿನ ತಂತಿಯಿಂದ ವಿದ್ಯುತ್ತು ಪಡೆದು, ರಬ್ಬರು ಚಕ್ರದ ಮೇಲೆ ಓಡುತ್ತಿದ್ದ ಆ ಬಸ್ಸು 1930ರ ದಶಕದಲ್ಲಿ ದಿಲ್ಲಿಗೆ ಬಂದು 1960ರ ದಶಕದ ಮೊದಲಲ್ಲೇ ಕಾಣದಾಯಿತು. ಮುಂಬಯಿಯಲ್ಲಿ 1962ರಿಂದ 1971ರವರೆಗೆ ಓಡಿತು. ನಮ್ಮ ರಾಯರಿಗೆ ಅದರ ನೆನಪೇ ಇಲ್ಲ. ಇಂದು ಹೊಗೆಯಿಲ್ಲದ ವಿದ್ಯುತ್ ಬಸ್ಸೆಂದು ನಾವು ಹೊಸದಾಗಿ ಹೊಗಳುತ್ತಿರುವುದು ಅದರ ಮೊಮ್ಮಗನನ್ನೇ ಎಂಬುದು ಬೇರೆ ಮಾತು.

ಕಲ್ಕತ್ತೆಯ ಸಂಗತಿ ನೋಡಿ. 1953ರಲ್ಲಿ ಅಲ್ಲಿ ಟ್ರಾಮಿನ ಎರಡನೆಯ ದರ್ಜೆಯ ದರವನ್ನು ಒಂದು ಪೈಸೆ ಏರಿಸಿದ್ದಕ್ಕೆ ಊರಿಗೆ ಊರೇ ಎದ್ದುನಿಂತಿತು. ವಾರಗಟ್ಟಲೆ ಚಳವಳಿ ನಡೆದು ಕೊನೆಗೆ ಏರಿಕೆಯನ್ನು ಕೈಬಿಡಬೇಕಾಯಿತು. ಒಂದು ಪೈಸೆಯನ್ನು ಲೆಕ್ಕ ಹಾಕುವವರು ಅಂದು ಟ್ರಾಮಿನೊಳಗೆ ಕೂತಿದ್ದರು. 2024ರಲ್ಲಿ ಅಲ್ಲಿಯ ಸರ್ಕಾರ, ಪರಂಪರೆಯ ಗುರುತಿಗಾಗಿ ಒಂದು ಮಾರ್ಗವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮುಗಿಸುವುದಾಗಿ ಹೇಳಿತು. ಹೊಟ್ಟೆಪಾಡಿಗೆ ಟ್ರಾಮು ಹತ್ತುವವರು ಕಡಿಮೆಯಾದ ಮೇಲೆಯೇ ಅದು ‘ಪರಂಪರೆ’ ಆಗುತ್ತದೆ. ವಸ್ತುವೊಂದು ಸುಂದರವಾಗಿ ಕಾಣಬೇಕಾದರೆ ಅದರ ಮೇಲೆ ಯಾರ ಬದುಕೂ ನಿಂತಿರಬಾರದು ಎಂಬಂತಿದೆ. ನಮಗೆ ಇದು ಸ್ವಲ್ಪ ಭಯ ಹುಟ್ಟಿಸುತ್ತದೆ.

ನಮ್ಮ ಶಾಸ್ತ್ರಕಾರರು ನೆನಪಿನ ವಿಷಯದಲ್ಲಿ ಬಹು ಎಚ್ಚರದವರು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪಿದರೇ ಹೊರತು ಸ್ಮೃತಿಯನ್ನು ಆ ಸಾಲಿಗೆ ಸೇರಿಸಲಿಲ್ಲ. ಸ್ಮೃತಿ ಹೊಸದೇನನ್ನೂ ತಿಳಿಸುವುದಿಲ್ಲ, ಹಿಂದಿನ ಅನುಭವದ ನೆರಳು ಅಷ್ಟೆ ಎಂಬುದು ಅವರ ವಾದ. ಆದ್ದರಿಂದ ‘ಆ ಕಾಲ ಚೆನ್ನಾಗಿತ್ತು’ ಎಂಬುದಕ್ಕೆ ನಮ್ಮ ನೆನಪೇ ಸಾಕ್ಷಿಯಾಗಲಾರದು. ಆದರೆ ಅದೇ ಸಂಸ್ಕೃತದಲ್ಲಿ ಸ್ಮೃತಿ ಎಂಬ ಮಾತಿಗೆ ಇನ್ನೊಂದು ಅರ್ಥವೂ ಉಂಟು: ಧರ್ಮಶಾಸ್ತ್ರ. ಏನು ಮಾಡಬೇಕು, ಯಾರಿಗೆ ಏನು ಸಲ್ಲಬೇಕು ಎಂದು ಹೇಳುವ ಗ್ರಂಥಕ್ಕೂ ಸ್ಮೃತಿಯೆಂದೇ ಹೆಸರು. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದವನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು ಎಂದು ಸಾಧಿಸಿದವನು ಆತ. ಆಸ್ತಿ ಕೇಳುವ ಮಗ ತಂದೆಯ ಸಾಲವನ್ನೂ ತೀರಿಸಬೇಕೆಂಬುದು ಅದೇ ಶಾಸ್ತ್ರದ ಮಾತು.

ಈ ಎರಡನೆಯ ಅರ್ಥವೇ ನಮಗೆ ಬೇಕಾದದ್ದು. ದಿಲ್ಲಿಯ ಟ್ರಾಮು ನಮ್ಮದು ಎಂದು ಮರುಗಲು ನಮಗೆ ಹಕ್ಕಿಲ್ಲವೆಂದು ಯಾರೂ ಹೇಳಬೇಕಾಗಿಲ್ಲ. ನಾವು ಇಲ್ಲಿ ಹುಟ್ಟಿದವರಲ್ಲ, ಉದ್ಯೋಗಕ್ಕೆ ಬಂದು ನೆಲೆನಿಂತವರು. ದತ್ತು ಬಂದವರು ಎನ್ನೋಣ. ದತ್ತಕನಿಗೂ ಮನೆಯ ಆಸ್ತಿಯಲ್ಲಿ ಪಾಲುಂಟು. ನೋಡದ ಮುತ್ತಜ್ಜನಿಗೆ ತರ್ಪಣ ಬಿಡುವವರು ನೋಡದ ಟ್ರಾಮಿಗೆ ಎರಡು ಹನಿ ಕಣ್ಣೀರು ಬಿಟ್ಟರೆ ತಪ್ಪೇನು? ಆದರೆ ಆಸ್ತಿಯನ್ನು ಮಾತ್ರ ಒಪ್ಪಿಕೊಂಡು ಸಾಲದ ಪತ್ರವನ್ನು ಮಡಿಸಿಡುವುದು ಸಲ್ಲದು. ಟ್ರಾಮು ಹೋದಾಗ ನಷ್ಟವಾದದ್ದು ಯಾರಿಗೆ, ಆ ನಷ್ಟವನ್ನು ತುಂಬಿಕೊಟ್ಟವರಾರು ಎಂದು ಕೇಳದ ನೆನಪು ಆ ಬಗೆಯದು.

ಆಟದ ಮೈದಾನವೊಂದರ ಮಾತು ಇಲ್ಲಿಯೇ ಬರಲಿ. ಇಂಡಿಯಾ ಗೇಟಿನ ಆಚೆ ಇರುವ ನ್ಯಾಶನಲ್ ಸ್ಟೇಡಿಯಮ್ಮು 1933ರಲ್ಲಿ ಕಟ್ಟಿದಾಗ ಇರ್ವಿನ್ ಆಂಫಿಥಿಯೇಟರ್ ಆಗಿತ್ತು. 1940ರಲ್ಲಿ ಡ್ಯುರಾಂಡ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ, ಮೊಹಮ್ಮಡನ್ ಸ್ಪೋರ್ಟಿಂಗ್, ಗೆದ್ದದ್ದು ಅಲ್ಲಿ. 1951ರ ಮಾರ್ಚಿನಲ್ಲಿ ಮೊದಲ ಏಷ್ಯನ್ ಕ್ರೀಡೆಗಳು ನಡೆದಾಗ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಭಾರತ ಫುಟ್‌ಬಾಲಿನ ಚಿನ್ನ ಪಡೆದದ್ದೂ ಅಲ್ಲಿಯೇ. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಬೂಟು ಹಾಕದೆ ಬರಿಗಾಲಲ್ಲಿ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿ ಬಂದವರು ಅವರು. ಇಂದು ಆ ಸ್ಟೇಡಿಯಮ್ಮಿಗೆ ಧ್ಯಾನ್‌ಚಂದರ ಹೆಸರು. 2010ರ ಪಂದ್ಯಗಳಿಗೆಂದು ಅದನ್ನು ಹೊಸದಾಗಿ ಕಟ್ಟಿ ಹಾಕಿಗೆ ಕೊಟ್ಟರು. ಹಾಕಿಗೂ ಮೈದಾನ ಬೇಕು, ಧ್ಯಾನ್‌ಚಂದರ ಹೆಸರಿಗಿಂತ ದೊಡ್ಡ ಹೆಸರು ಯಾವುದಿದೆ, ದೂರುವುದಕ್ಕೇನೂ ಇಲ್ಲ. ಆದರೂ ಆ ದಾರಿಯಲ್ಲಿ ಹೋಗುವಾಗ ನಮ್ಮ ಕಣ್ಣಿಗೆ ಬರಿಗಾಲಿನ ಬೆಂಗಳೂರಿಗನೇ ಕಾಣುತ್ತಾನೆ. ಡ್ಯುರಾಂಡ್ ಪಂದ್ಯಾವಳಿಯೂ 2019ರಿಂದ ಕಲ್ಕತ್ತೆಯ ಕಡೆಗೆ ಹೋಗಿದೆ. ಜವಳಿ ಗಿರಣಿಯೊಂದು 1945ರಲ್ಲಿ ಶುರುಮಾಡಿದ್ದ ಡಿ.ಸಿ.ಎಂ. ಪಂದ್ಯಾವಳಿ ಈಗಿಲ್ಲ.

ಹೀಗೆ ಮರುಗುತ್ತಿದ್ದಾಗಲೇ ನಮಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ನೆನಪಾಗಿ ನಾಚಿಕೆಯಾಯಿತು. ಇಂದು ಬೆಂಗಳೂರಿನ ಹುಡುಗರು ಫುಟ್‌ಬಾಲ್ ನೋಡಲು ಹೋಗುವ ಆ ಜಾಗ ಸಂಪಂಗಿ ಕೆರೆಯಾಗಿತ್ತು. ಅಲ್ಲಿ ಗೋಲು ಹೊಡೆದಾಗ ಕುಣಿಯುವವರು ಕೆರೆಯ ಅಂಗಳದ ಮೇಲೆ ಕುಣಿಯುತ್ತಾರೆ. ನಾಳೆ ಆ ಕ್ರೀಡಾಂಗಣ ಹೋದರೆ ಅದಕ್ಕಾಗಿ ಅಳುವವರಿಗೆ ಕೆರೆಯ ನೆನಪಿರುತ್ತದೆಯೇ? ಒಂದು ಜನಕ್ಕಂತೂ ಇದೆ. ಕರಗದ ಉತ್ಸವದಲ್ಲಿ, ಕೆರೆ ಹೋಗಿ ಉಳಿದ ಒಂದು ಚಿಕ್ಕ ಹೊಂಡಕ್ಕೆ ಇಂದಿಗೂ ಸ್ಥಾನವಿದೆ. ಕರಗ ನಡೆಸುವ ತಿಗಳರು ತೋಟಗಾರಿಕೆಯ ಜನ. ಕೆರೆಯ ನೀರು ಅವರ ಹೂವು, ಸೊಪ್ಪು, ತರಕಾರಿಗಳಿಗೆ ಹರಿಯುತ್ತಿತ್ತು. ಅವರು ನಿಟ್ಟುಸಿರು ಬಿಟ್ಟು ಸುಮ್ಮನಾಗಲಿಲ್ಲ, ವರ್ಷವರ್ಷವೂ ಅಲ್ಲಿಗೆ ಹೋಗುತ್ತಾರೆ. ಹೊಂಡವನ್ನೂ ಮುಚ್ಚಿಬಿಡೋಣ ಎಂದು ಹೇಳಲು ಯಾರಿಗೂ ಧೈರ್ಯ ಬಾರದಿರುವುದಕ್ಕೆ ಅವರ ಈ ನಡೆಯೇ ಕಾರಣವೆಂದು ನಮ್ಮ ಅನುಮಾನ.

ಇನ್ನು ನಮ್ಮ ಸ್ವಂತ ಮನೆಯ ವಿಚಾರ. ದಿಲ್ಲಿ ಕನ್ನಡಿಗರಲ್ಲಿ ಎಷ್ಟೋ ಜನರ ಮೊದಲ ಮನೆ ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರಗಳ ಸರ್ಕಾರಿ ಕ್ವಾರ್ಟರ್ಸು. ಎರಡಂತಸ್ತಿನ ಹಳದಿ ಗೋಡೆ, ಎದುರಿಗೆ ಹುಲ್ಲು, ಬೇವಿನ ಮರ, ರಾತ್ರಿ ಅಂಗಳದಲ್ಲಿ ಚಾರಪಾಯಿ. ಇಂಥ ಏಳು ಬಡಾವಣೆಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ 2016ರಲ್ಲಿ ಒಪ್ಪಿಗೆ ಸಿಕ್ಕಿತು. ನೌರೋಜಿ ನಗರದಲ್ಲಿ ಈಗ ವಾಣಿಜ್ಯದ ಗೋಪುರಗಳು. 2018ರಲ್ಲಿ ಮರ ಕಡಿಯಲು ಹೊರಟಾಗ ಊರಿನ ಜನ ಹೋಗಿ ಮರಗಳನ್ನು ತಬ್ಬಿ ನಿಂತರು, ಹೈಕೋರ್ಟು ಕಡಿಯುವುದನ್ನು ತಡೆಯಿತು. ನಾವೂ ಒಂದು ಸಂಜೆ ಹೋಗಿದ್ದೆವು, ಫೋಟೋ ಕೂಡ ತೆಗೆಸಿಕೊಂಡೆವು. ಆ ಮರದ ಕೆಳಗೆ ಇದ್ದಿಲಿನ ಪೆಟ್ಟಿಗೆ ಇಟ್ಟುಕೊಂಡು ನಮ್ಮ ಅಂಗಿಗಳಿಗೆ ವರ್ಷಾನುಗಟ್ಟಲೆ ಇಸ್ತ್ರಿ ಹಾಕಿದವನು ಎಲ್ಲಿಗೆ ಹೋದ ಎಂದು ವಿಚಾರಿಸಬೇಕೆಂಬುದು ಮಾತ್ರ ಆಗ ತೋಚಲಿಲ್ಲ. ಅವನ ಹೆಸರು ನೆನಪಿಸಿಕೊಳ್ಳಲು ಈಗ ಎಷ್ಟು ಪ್ರಯತ್ನಪಟ್ಟರೂ ಬರುತ್ತಿಲ್ಲ. ಮರದ ನೆನಪಿದೆ, ಅದರ ಒಂದೊಂದು ಕೊಂಬೆಯ ನೆನಪಿದೆ. ಇನ್ನೂ ಹಿಂದಕ್ಕೆ ಹೋದರೆ ರಾಮಕೃಷ್ಣಪುರಂ ಎದ್ದ ನೆಲ ಮುನಿರ್ಕಾ, ಮೊಹಮ್ಮದ್‌ಪುರ ಹಳ್ಳಿಗಳವರ ಹೊಲ. ಅವರಿಗೆ ನಮ್ಮ ಹಳದಿ ಗೋಡೆಯೇ ಹಾಳುಮಾಡಿದ ವಸ್ತು.

ಒಂದು ತಪ್ಪೊಪ್ಪಿಗೆ. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರು ದೂರ ರಸ್ತೆಯ ನಡುವೆ ಬಸ್ಸುಗಳಿಗೆಂದೇ ದಾರಿ ಬಿಟ್ಟಿದ್ದರು. ಬಸ್ಸು ಬೇಗ ಹೋಗುತ್ತಿತ್ತು, ಕಾರುಗಳು ನಿಂತಲ್ಲೇ ನಿಲ್ಲುತ್ತಿದ್ದವು. ಚಿರಾಗ್ ದಿಲ್ಲಿಯ ಚೌಕದಲ್ಲಿ ಕಾರಿನಲ್ಲಿ ಕುಳಿತು ಆ ಯೋಜನೆಯನ್ನು ಶಪಿಸಿದವರಲ್ಲಿ ನಾವೂ ಒಬ್ಬರು. ಅದನ್ನು ತೆಗೆಸಬೇಕೆಂದು ಕೆಲವರು ಹೈಕೋರ್ಟಿಗೆ ಹೋದರು. 2012ರಲ್ಲಿ ಕೋರ್ಟು ಒಪ್ಪಲಿಲ್ಲ. ಆದರೂ 2016ರಲ್ಲಿ ಅದನ್ನು ಕಿತ್ತುಹಾಕಿದರು. ಅಂದು ನಾವು ಕೊಟ್ಟ ಕಾರಣ 1963ರಲ್ಲಿ ಟ್ರಾಮಿನ ಮೇಲೆ ಹೊರಿಸಿದ ಕಾರಣವೇ: ನಡುರಸ್ತೆಯಲ್ಲಿ ಅಡ್ಡ. ಯಾರಿಗೆ ಅಡ್ಡ ಎಂದು ಕೇಳಿಕೊಳ್ಳಲಿಲ್ಲ. ನಿಂತ ಬಸ್ಸಿನಲ್ಲಿ ಅರವತ್ತು ಜನ, ನಮ್ಮ ಕಾರಿನಲ್ಲಿ ಒಬ್ಬರು. ಇನ್ನು ಐವತ್ತು ವರ್ಷದ ಮೇಲೆ ಆ ಬಸ್ಸಿನ ದಾರಿಯ ಚಿತ್ರವನ್ನೂ ಯಾರಾದರೂ ಕೈಯಿಂದ ಕೈಗೆ ದಾಟಿಸಿ ‘ಎಂಥ ಚೆಂದದ ದಿಲ್ಲಿ’ ಎಂದಾರು. ಆ ಗುಂಪಿನಲ್ಲಿ ನಮ್ಮ ಮೊಮ್ಮಕ್ಕಳು ಇದ್ದರೂ ಆಶ್ಚರ್ಯವಿಲ್ಲ.

2021ರಲ್ಲಿ ಚಾಂದನಿ ಚೌಕವನ್ನು ಕೆಂಪು ಕಲ್ಲು ಹಾಸಿ ಹೊಸದು ಮಾಡಿ, ಹಗಲು ಹೊತ್ತಿನಲ್ಲಿ ಮೋಟಾರು ಬಾರದಂತೆ ಮಾಡಿದರು. ಅಲ್ಲಿ ಮತ್ತೆ ಟ್ರಾಮು ಬಿಡುವ ಮಾತೂ ಆಗಾಗ ಬಂದು ಹೋಗಿದೆ. ಬಂದರೆ ನಾವು ಖಂಡಿತ ಹತ್ತುತ್ತೇವೆ. ಆದರೆ ಬುಟ್ಟಿ ಹೊತ್ತವರನ್ನು ಅದರಲ್ಲಿ ಹತ್ತಿಸಿಕೊಳ್ಳುತ್ತಾರೆಯೇ, ಟಿಕೇಟಿಗೆ ಎಷ್ಟು ಎಂದು ಮೊದಲು ಕೇಳಿಯೇವು.

ಮುಂದಿನ ತಿಂಗಳು ಸಂಘದಲ್ಲಿ ರಾಯರು ಮತ್ತೆ ಸಿಕ್ಕಾಗ ಪಕ್ಕದಲ್ಲಿ ಕುಳಿತು ಕೇಳಿದೆವು: ‘ನೀವು ಸೈಕಲ್ ತೆಗೆದುಕೊಂಡಿರಿ ಸರಿ. ಕೊನೆಯತನಕ ಟ್ರಾಮಿನಲ್ಲಿ ಹೋಗುತ್ತಿದ್ದವರು ಯಾರು ರಾಯರೇ?’ ಅವರು ಬಹಳ ಹೊತ್ತು ಯೋಚಿಸಿದರು. ‘ಸಬ್ಜಿ ಮಂಡಿಯಿಂದ ಬರೋ ಹೆಣ್ಣುಮಕ್ಕಳು ಇರತಿದ್ರು. ಬುಟ್ಟಿ ಕಾಲಾಗ ಇಟಗೊಂಡು ನಿಂತಿರತಿದ್ರು. ಒಬ್ಬಾಕಿ ಮುದುಕಿ ದಿನಾ ನನಗ ಸರಕೊಂಡು ಜಾಗಾ ಕೊಡತಿದ್ಲು.’ ಸ್ವಲ್ಪ ಸುಮ್ಮನಿದ್ದು ಲೋಟ ಕೆಳಗಿಟ್ಟರು. ‘ಆಮ್ಯಾಲ ಆಕಿ ಹೆಂಗ ಹೋಗತಿದ್ಲೋ, ನಾ ಕೇಳಲೇ ಇಲ್ಲ.’