ಯಾರ ಮಗ ಹೋಗಬೇಕು?

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಸೈನ್ಯದ ಮಾತು ಬಂದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಮದುವೆ ಮನೆಗೆ ಹೋಗಲಿ, ಅರಿಸಿನ ಕುಂಕುಮಕ್ಕೆ ಹೋಗಲಿ, "ಈಗಿನ ಹುಡುಗ್ರಿಗೆ ಶಿಸ್ತ ಅನ್ನೋದ ಇಲ್ಲ ನೋಡ್ರಿ, ಎಲ್ಲಾರ್ನೂ ಎರಡ ವರ್ಷ ಮಿಲಿಟ್ರಿಗೆ ಹಾಕಬೇಕು" ಎನ್ನುವವರು ಒಬ್ಬರಾದರೂ ಇರುತ್ತಾರೆ. "ನಿಮ್ಮ ಮಗನ್ನೂ ಕಳಸ್ತೀರೇನ್ರೀ?" ಎಂದು ಕೇಳಿ ನೋಡಿ. ಅವನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುತ್ತಾನೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ಉಂಡ ತಟ್ಟೆ ಎತ್ತಿಡುವುದನ್ನು, ಹೇಳಿದ ಹೊತ್ತಿಗೆ ಮನೆ ಸೇರುವುದನ್ನು ಕಲಿಸಲು ಸೈನ್ಯ ಬೇಕೆ? ಅದು ತಂದೆತಾಯಿಯ ಕೆಲಸ. ಸೈನ್ಯ ಇರುವುದು ದೇಶ ಕಾಯಲು, ನಮ್ಮ ಮಕ್ಕಳನ್ನು ತಿದ್ದಲು ಅಲ್ಲ. ದಕ್ಷಿಣ ಕೊರಿಯಾದಲ್ಲಿ ಗಂಡುಮಕ್ಕಳಿಗೆ, ಇಸ್ರೇಲಿನಲ್ಲಿ ಹೆಣ್ಣುಮಕ್ಕಳಿಗೂ ಸೇನಾ ಸೇವೆ ಕಡ್ಡಾಯ. ಆ ದೇಶಗಳ ಗಡಿಯ ಭಯ ಅಂಥದು. ನಮ್ಮಲ್ಲಿ ಕಡ್ಡಾಯವಿಲ್ಲ. ಹೋಗುವವರು ತಾವಾಗಿ ಹೋಗುತ್ತಾರೆ. ಈ "ತಾವಾಗಿ" ಎಂಬ ಮಾತೇ ನನ್ನನ್ನು ಯೋಚನೆಗೆ ಹಚ್ಚಿದ್ದು.

ನಮಗೆ ದಿನಾ ಹೂ ಕೊಡುವಾಕೆಯ ಮಗ ಬೆಳಗಿನ ಐದಕ್ಕೇ ಎದ್ದು ಬೈಪಾಸ್ ರಸ್ತೆಯಲ್ಲಿ ಓಡುತ್ತಿದ್ದ. ಹದಿನೇಳೂವರೆ ವರ್ಷ ತುಂಬಿತ್ತು. ಹದಿನೆಂಟು ತುಂಬದವರು ಸೇರಬೇಕಾದರೆ ತಂದೆತಾಯಿಯ ಸಹಿ ಬೇಕು. ಆಕೆ ಒಂದು ದಿನ ಹೂವಿನ ಬುಟ್ಟಿಯ ಜೊತೆ ಕಾಗದವನ್ನೂ ತಂದು, "ಅಕ್ಕಾರ, ಇದಕ್ಕ ಸಹಿ ಹಾಕ್ಲೋ ಬ್ಯಾಡೋ ನೀವ ಹೇಳ್ರಿ" ಎಂದಳು.

ಏನು ಹೇಳಲಿ? ಇಬ್ಬರೂ ಕೂತು ಲೆಕ್ಕ ಹಾಕಿದೆವು. 2022ರ ಜೂನಿನಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷಕ್ಕೆ 40,000. ಅದರಲ್ಲಿ ನೂರಕ್ಕೆ ಮೂವತ್ತನ್ನು ಹಿಡಿದಿಟ್ಟು, ಸರ್ಕಾರವೂ ಅಷ್ಟೇ ಸೇರಿಸಿ, ಹೊರಬರುವಾಗ ಬಡ್ಡಿಸಹಿತ ಸುಮಾರು 11.71 ಲಕ್ಷ ಕೊಡುತ್ತಾರೆ. ಹೂ ಕಟ್ಟಿ ಮನೆ ನಡೆಸುವಾಕೆಗೆ ಅಷ್ಟು ದುಡ್ಡನ್ನು ಒಟ್ಟಿಗೆ ನೋಡುವ ಯೋಗ ಬೇರೆ ಹೇಗೆ ಬಂದೀತು? ಮಗನಿಗೆ ಹೊತ್ತಿಗೆ ಸರಿಯಾಗಿ ಊಟ, ಗಟ್ಟಿ ಮೈ, ನಾಲ್ಕು ಊರು ಕಂಡ ಧೈರ್ಯ. ಜಾತಿ ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುವ ರೂಢಿ. ಇವೆಲ್ಲ ಸಣ್ಣವಲ್ಲ.

ಇನ್ನೊಂದು ಕಡೆಯ ಲೆಕ್ಕವೂ ಇದೆ. ನಾಲ್ಕು ವರ್ಷವಾದ ಮೇಲೆ ನೂರರಲ್ಲಿ ಇಪ್ಪತ್ತೈದು ಜನರನ್ನಷ್ಟೇ ಉಳಿಸಿಕೊಳ್ಳುವುದು ಯೋಜನೆಯ ನಿಯಮ. ಮಿಕ್ಕವರಿಗೆ ಪಿಂಚಣಿಯೂ ಇಲ್ಲ, ಗ್ರಾಚ್ಯುಯಿಟಿಯೂ ಇಲ್ಲ. ಹಿಂದೆ ಹದಿನೈದು ವರ್ಷ ದುಡಿದು ಬಂದ ಜವಾನನ ಮನೆಯಲ್ಲಿ ಪಿಂಚಣಿಯ ಬಲದ ಮೇಲೆ ಮಕ್ಕಳು ಓದಿದರು, ಮುದುಕರ ಔಷಧಿ ನಡೆಯಿತು. ಇವನು ಇಪ್ಪತ್ತೆರಡಕ್ಕೆ ಮರಳಿ ಬಂದರೆ, ಜೊತೆಯವರು ಆ ಹೊತ್ತಿಗೆ ಡಿಗ್ರಿ ಮುಗಿಸಿರುತ್ತಾರೆ.

ಮತ್ತೆ, ಬಾಯಿಬಿಟ್ಟು ಆಡಲು ನಾವಿಬ್ಬರೂ ಹೆದರಿದ ಲೆಕ್ಕ. ಜೀವ ಹೋದರೆ 48 ಲಕ್ಷದ ವಿಮೆ ಇದೆ. ಅದನ್ನು ಓದುವಾಗ ನನ್ನ ಧ್ವನಿ ತಗ್ಗಿತು. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಿದ್ದಾರೆ? 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಹತ್ತು ಯೋಧರು ಹೂತುಹೋದರು. ದಿನಗಳು ಕಳೆದ ಮೇಲೆ ಅವರೊಬ್ಬರು ಜೀವಂತ ಸಿಕ್ಕರು. ಊರೂರಿನ ಗುಡಿಗಳಲ್ಲಿ ಪೂಜೆ ನಡೆಯಿತು. ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಗುಂಡಿಗೆ ಬಲಿಯಾಗಲಿಲ್ಲ. ಗಡಿ ಕಾಯುವುದೆಂದರೆ ಶತ್ರುವಿನ ಜೊತೆಗೆ ಚಳಿಯನ್ನೂ ಎದುರಿಸುವುದು ಎಂದು ಆಗ ನಮಗೆ ತಿಳಿಯಿತು.

ಲಾಭವನ್ನೂ ನಷ್ಟವನ್ನೂ ತೂಗಿ ನೋಡೋಣವೆಂದರೆ ಇವು ಒಂದೇ ತಕ್ಕಡಿಗೆ ಬರುವಂಥವಲ್ಲ. ಸಂಬಳ, ಶಿಸ್ತು ಒಂದು ಜಾತಿಯವು. ಜೀವ ಬೇರೆಯೇ. ತೂಗಲು ಬಾರದ್ದನ್ನು ಹೇಗೆ ನಿರ್ಧರಿಸುವುದು? ನನಗೆ ತೋಚಿದ್ದು ಒಂದೇ ಪ್ರಶ್ನೆ. ಬೇರೆ ನೌಕರಿ ಸಿಕ್ಕಿದ್ದರೂ ಇವನು ಹೋಗುತ್ತಿದ್ದನೇ? ಹೌದಾದರೆ ಹರಸಿ ಕಳಿಸಬೇಕು. ಅದು ಅವನ ಆಸೆ, ಅದಕ್ಕೆ ಅಡ್ಡ ನಿಲ್ಲಲು ತಾಯಿಗೂ ಹಕ್ಕಿಲ್ಲ. ಇಲ್ಲವೆಂದಾದರೆ ಅವನನ್ನು ಕಳಿಸುವುದು ಬಡತನ. ಅದನ್ನು ನಾವು ದೇಶಭಕ್ತಿ ಎಂದು ಕರೆದು ನೆಮ್ಮದಿಯಾಗಿರುವುದು ಸರಿಯಲ್ಲ.

"ಅವನ್ನ ಹಿಂಗ ಕೇಳು" ಎಂದೆ. ಮರುದಿನ ಆಕೆ ಬಂದು, "ಎರಡೂ ಐತಿ ಅವ್ವಾ ಅಂದಾನ್ರೀ. ಪಗಾರಾನೂ ಬೇಕು, ಹೋಗಬೇಕಂತನೂ ಐತಿ ಅಂದ" ಎಂದಳು. ಸಹಿ ಹಾಕಿ ಬಂದಿದ್ದಳು. ಆ ಹುಡುಗನ ಉತ್ತರ ನನ್ನ ಪ್ರಶ್ನೆಗಿಂತ ದೊಡ್ಡದು ಅನಿಸಿತು. ಡಾಕ್ಟರಾಗುವವರೂ ಸೇವೆ, ಸಂಪಾದನೆ ಎರಡನ್ನೂ ಬಯಸುತ್ತಾರಲ್ಲ! ಬಡವರ ಮಗನ ಆಸೆ ಮಾತ್ರ ಅಪ್ಪಟವಾಗಿರಲಿ ಎಂದರೆ ಹೇಗೆ?

ಇನ್ನು ಇದು ಗಂಡುಮಕ್ಕಳ ತಾಯಂದಿರ ಚಿಂತೆ ಮಾತ್ರವೂ ಅಲ್ಲ. 2021ರಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಹೆಣ್ಣುಮಕ್ಕಳು ಸೈನಿಕರಾಗಿ ಹೊರಬಂದರು. 2022ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲೂ ಅವರಿಗೆ ತೆರೆಯಿತು. ನಾಳೆ ನಮ್ಮ ಮಗಳೇ ಕಾಗದ ತಂದು ಮುಂದಿಟ್ಟಾಳು. ಆಗಲೂ ಅದೇ ಪ್ರಶ್ನೆ ಕೇಳೋಣ, ಅವಳ ಉತ್ತರವನ್ನು ನಂಬೋಣ.

ಉಳಿದದ್ದು ನಮ್ಮ ಪಾಲಿನ ಕೆಲಸ. ನಮ್ಮ ಕಡೆಯ ಊರುಗಳಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಸತ್ತವನಿಗೆ ಕಲ್ಲು ನಿಲ್ಲಿಸುವುದು ನಮಗೆ ಹಿಂದಿನಿಂದ ಬಂದ ರೂಢಿ. ಬದುಕಿ ಬಂದವನಿಗೆ ಏನು ಮಾಡುತ್ತೇವೆ? ಇಪ್ಪತ್ತೆರಡರ ಹುಡುಗ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹಾರ ಹಾಕುವವರು ಸಿಗಬಹುದು. ಮರುದಿನ ನಮ್ಮ ಯಜಮಾನರ ಅಂಗಡಿಯಲ್ಲಿ, ನಮ್ಮ ಅಣ್ಣನ ಕಾರ್ಖಾನೆಯಲ್ಲಿ ಅವನಿಗೆ ವಾಚ್‌ಮನ್ ಕುರ್ಚಿಯಲ್ಲದೆ ಬೇರೆ ಜಾಗ ಇದೆಯೇ? ಓದು ಮುಂದುವರಿಸುತ್ತೇನೆಂದರೆ ಕಾಲೇಜಿನಲ್ಲಿ ಸೀಟು ಇದೆಯೇ? ಬೇರೆಯವರ ಮಗನನ್ನು ಕಳಿಸಬೇಕು ಎನ್ನುವ ಮೊದಲು, ಅವನು ಬಂದಾಗ ನಾವೇನು ಕೊಡುತ್ತೇವೆ ಎಂಬುದನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳೋಣ.