ಉಗ್ರಾಣದ ಬೀಗದ ಕೈ

ಇರುವುದನ್ನು ಹಂಚಿಕೊಳ್ಳುವುದು ಒಳ್ಳೆಯದು ಎಂದು ಎಲ್ಲರೂ ಒಪ್ಪುತ್ತಾರೆ. ಹಂಚಿದ ಮೇಲೂ ಹಂಚಿದವರ ಕೈಯಲ್ಲಿ ಏನು ಉಳಿಯುತ್ತದೆ ಎಂದು ಕೇಳುವವರು ಕಡಿಮೆ. ನನ್ನನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸಿದ್ದು ಮನೆಯ ಮೂರು ಕಂಪ್ಯೂಟರುಗಳು.

ಒಂದು, ನನ್ನ ಪಿಎಚ್‌.ಡಿ. ಕೆಲಸಕ್ಕೆಂದು ಕೊಂಡ ಬಲವಾದ ಯಂತ್ರ. ಅಪ್ಪನದು ಮತ್ತು ತಂಗಿಯದು ಹತ್ತು ವರ್ಷ ದಾಟಿದವು; ಬ್ರೌಸರ್ ತೆರೆದರೇ ಏದುಸಿರು ಬಿಡುತ್ತವೆ. ಗುಜರಿಗೆ ಹಾಕುವ ಬದಲು ಕೇಬಲ್ ಎಳೆದು ಅವನ್ನು ಹೊಸದಕ್ಕೆ ಜೋಡಿಸಿದೆ. ಇದಕ್ಕೆಂದೇ ಲಿನಕ್ಸ್‌ನಲ್ಲಿ 1999ರಿಂದ ಎಲ್‌ಟಿಎಸ್‌ಪಿ ಎಂಬ ಮುಕ್ತ ತಂತ್ರಾಂಶವಿದೆ. ಹಳೆಯ ಯಂತ್ರ ಬರೀ ಪರದೆ, ಕೀಲಿಮಣೆ ಆಗಿದ್ದರೂ ಸಾಕು. ಲೆಕ್ಕ, ಕಡತ ಎಲ್ಲ ದೊಡ್ಡದರಲ್ಲೇ.

ಯೋಚನೆ ಹೊಸದಲ್ಲ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ಮಾಡಿ ತೋರಿಸಿದರು. ಯಂತ್ರ ತನ್ನ ಸಮಯವನ್ನು ಚೂರು ಚೂರಾಗಿ ಸರದಿಯಂತೆ ಕೊಡುತ್ತಿತ್ತು. ಒಬ್ಬರ ಕಡತವನ್ನು ಇನ್ನೊಬ್ಬರು ನೋಡದಿರಲೆಂದು ಅಲ್ಲಿ ಪಾಸ್‌ವರ್ಡ್ ಕೂಡ ಬಳಕೆಗೆ ಬಂತು. ಹಂಚಿಕೆಯ ಬೆನ್ನಿಗೇ ಬೀಗವೂ ಬಂತು.

ಬೀಗದ ಕೈ ಯಾರದು? ಲಿನಕ್ಸ್‌ನಲ್ಲಿ ಅದು 'ರೂಟ್' ಎಂಬ ಬಳಕೆದಾರರದು. ಅಲ್ಲಿ ಪ್ರತಿ ಕೆಲಸಕ್ಕೂ -20ರಿಂದ 19ರವರೆಗಿನ 'ನೈಸ್' ಎಂಬ ಅಂಕಿಯಿದೆ. ಅಂಕಿ ಹೆಚ್ಚಿದಷ್ಟೂ ಆ ಕೆಲಸ ಬೇರೆಯವರಿಗೆ ದಾರಿ ಬಿಡುತ್ತದೆ. ಸಾಮಾನ್ಯ ಬಳಕೆದಾರರು ತಮ್ಮ ಅಂಕಿಯನ್ನು ಏರಿಸಿಕೊಳ್ಳಬಹುದು; ಇಳಿಸಲು ಸಾಮಾನ್ಯವಾಗಿ ರೂಟ್ ಬೇಕು. ಅಂದರೆ ಬಿಟ್ಟುಕೊಡಲು ಯಾರ ಅಪ್ಪಣೆಯೂ ಬೇಡ, ಹೆಚ್ಚು ಪಾಲು ಬೇಕೆಂದರೆ ಯಜಮಾನರನ್ನು ಕೇಳಬೇಕು.

ನಮ್ಮ ಅವಿಭಕ್ತ ಕುಟುಂಬಗಳೂ ಹೀಗೇ ಇದ್ದವು. ಒಲೆ ಒಂದೇ, ಊಟ ಎಲ್ಲರಿಗೂ. ಉಗ್ರಾಣದ ಬೀಗದ ಕೈ ಮಾತ್ರ ಒಬ್ಬರ ಸೊಂಟದಲ್ಲಿ. ಹೊಟ್ಟೆ ತುಂಬಿದ್ದರೂ ಸೊಸೆಯಂದಿರು ಬೇರೆ ಮನೆ ಬಯಸಿದ್ದುಂಟು. ಅವರಿಗೆ ಬೇಕಿದ್ದುದು ಹೆಚ್ಚು ಅನ್ನವಲ್ಲ, ಕೇಳದೆ ಬಡಿಸಿಕೊಳ್ಳುವ ಹಕ್ಕು.

ತಂಗಿ ಒಮ್ಮೆ ಕೇಳಿದಳು: "ಅಕ್ಕಾ, ನೀನು ಅದನ್ನ ಆರಿಸಿ ಊರಿಗೆ ಹೋದ್ರೆ ನಾನೇನು ಮಾಡ್ಲಿ?" ಮೊದಲು ಅವಳ ಕಂಪ್ಯೂಟರ್ ನಿಧಾನವಾಗಿತ್ತು, ಆದರೆ ಅವಳದಾಗಿತ್ತು. ಈಗ ವೇಗವಿದೆ, ಅದು ನನ್ನ ದಯೆಯಲ್ಲಿದೆ.

ಹಾಗೆಂದು ಹಂಚಿಕೆ ಬೇಡವೆನ್ನಲಾರೆ. ಮೂವರಿಗೂ ಹೊಸ ಯಂತ್ರ ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿದೆ? ನ್ಯಾಯವಾದ ಹಂಚಿಕೆಗೆ ಎರಡು ಷರತ್ತು ಬೇಕೆಂದು ಮಾತ್ರ ತೋರುತ್ತದೆ. ನಿಯಮ ಮಾಡುವಾಗ ಪಡೆಯುವವರೂ ಕೂತಿರಬೇಕು. ಹಂಚಿಕೆ ನಿಂತ ದಿನವೂ ಅವರ ಕೆಲಸ ನಿಲ್ಲಬಾರದು. ಹಾಗಾಗಿ ಹಳೆಯ ಎರಡರಲ್ಲೂ ಹಗುರವಾದ ಲಿನಕ್ಸ್, ಅವರವರ ಕಡತಗಳ ಪ್ರತಿ ಇವೆ. ರೂಟ್ ಪಾಸ್‌ವರ್ಡ್ ತಂಗಿಗೂ ಗೊತ್ತು. ಪರೀಕ್ಷೆಯ ದಿನಗಳಲ್ಲಿ ನನ್ನ ಸಿಮ್ಯುಲೇಶನ್ನನ್ನು ಅವಳು ಹಿಂದಕ್ಕೆ ತಳ್ಳಬಲ್ಲಳು, ತಳ್ಳಿದ್ದಾಳೆ ಕೂಡ. ರೂಟ್ ಇದ್ದವರು ಯಾರ ಕಡತವನ್ನೂ ಓದಬಲ್ಲರು. ಇಷ್ಟು ದಿನ ಆ ಅಳುಕು ಅವಳೊಬ್ಬಳಿಗಿತ್ತು. ಈಗ ನನಗೂ ಇದೆ. ಆ ಅಳುಕನ್ನೂ ಹಂಚಿಕೊಂಡ ಮೇಲೆಯೇ ಇದನ್ನು ಹಂಚಿಕೆ ಎಂದು ಕರೆಯುವ ಧೈರ್ಯ ಬಂದದ್ದು.