ಹಳೆಯ ಪಾತ್ರೆಯ ಬೆಲೆ

ಸಂತೆಯೆಂದರೆ ಹೊಸ ಸರಕಿನ ಸ್ಥಳವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ದೊಡ್ಡ ಸಂತೆಗಳ ಅಂಚಿನಲ್ಲಿ, ತರಕಾರಿಯ ಗುಡ್ಡೆಗಳೂ ಬಟ್ಟೆಯ ಅಂಗಡಿಗಳೂ ಮುಗಿದ ಕಡೆಯಲ್ಲಿ, ಗೋಣಿತಾಟಿನ ಮೇಲೆ ಹರಡಿದ ಬೇರೊಂದು ಬಗೆಯ ಸರಕು ಕಾಣಬರುತ್ತದೆ: ತೂತುಬಿದ್ದ ತಪ್ಪಲೆ, ಹಿಡಿ ಮುರಿದ ಸೌಟು, ಜೊತೆಯನ್ನಗಲಿದ ದೀಪದ ಕಂಬ, ಅಡಕೊತ್ತು, ಸುಣ್ಣದ ಡಬ್ಬಿ, ಕಂಚಿನ ಬಟ್ಟಲು, ಹಿತ್ತಾಳೆಯ ಚೊಂಬು, ಪಾವು, ಸೇರು, ಬಳಪದ ಕಲ್ಲಿನ ಮರಿಗೆ. ಬೆಂಗಳೂರಿನ ಚಿಕ್ಕಪೇಟೆಯ ಸುತ್ತಣ ಭಾನುವಾರದ ಬಜಾರಿನಲ್ಲಿ ಇಂಥ ಸರಕು ಹೆಚ್ಚು. ಸಣ್ಣ ಊರಿನ ಸಂತೆಗಳಲ್ಲಿ ಅಪರೂಪ. ಅದರ ಮುಂದೆ ಇಬ್ಬರು ಗಿರಾಕಿಗಳು ನಿಲ್ಲುತ್ತಾರೆ. ಒಬ್ಬನು ತಕ್ಕಡಿಯಿಂದ ತೂಗುತ್ತಾನೆ. ಅವನು ಕೊಂಡದ್ದು ಕುಲುಮೆಗೆ ಹೋಗುತ್ತದೆ. ಇನ್ನೊಬ್ಬನು ಕಣ್ಣಿನಿಂದ ತೂಗುತ್ತಾನೆ; ಅವನು ಕೊಂಡದ್ದು ತಿಕ್ಕಿ ತೊಳೆಯಲ್ಪಟ್ಟು, ಪಟ್ಟಣದ ಸಿರಿವಂತರ ಪಡಸಾಲೆಗೆ ಹತ್ತು ಪಟ್ಟು ಬೆಲೆಗೆ ಹೋಗುತ್ತದೆ. ಈ ಎರಡನೆಯವನ ವೃತ್ತಿ ಧರ್ಮ್ಯವೇ, ಧರ್ಮ್ಯವಾದರೆ ಯಾವ ಮಿತಿಯೊಳಗೆ ಎಂಬುದೇ ಇಲ್ಲಿನ ವಿಚಾರ.

ಮೊದಲು, ಈ ಪಾತ್ರೆಗಳು ಮನೆ ಬಿಟ್ಟು ಬಂದುದೇಕೆ ಎಂಬುದನ್ನು ತಿಳಿಯಬೇಕು. ಅವನ್ನು ಹೊರಗಟ್ಟಿದವರು ಅರಸಿಕರೆಂದು ದೂರುವುದು ಸುಲಭ. ಆದರೆ ಅದು ನ್ಯಾಯವಲ್ಲ. ೧೮೯೮ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದನು. ಇವನೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾದವನು. ೧೯೧೩ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ತುಕ್ಕು ಹಿಡಿಯದ ಉಕ್ಕು ಕಂಡುಬಂದಿತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಅದು ಕನ್ನಡನಾಡಿನ ಅಡಿಗೆಮನೆಗಳನ್ನು ತುಂಬಿತು. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ನಿಂತರೆ ಕಿಲುಬು ಏಳುತ್ತದೆ. ಅದಕ್ಕೆ ಆಗಾಗ ಕಲಾಯಿ ಹಾಕಿಸಬೇಕು. ದಿನವೂ ಹುಣಿಸೆಹಣ್ಣು, ಬೂದಿ ಹಚ್ಚಿ ಬೆಳಗಬೇಕು. ಈ ಬೆಳಗುವ ಕೆಲಸ ಯಾರದಾಗಿತ್ತೆಂಬುದನ್ನು ಮರೆಯತಕ್ಕುದಲ್ಲ. ಹಳೆಯ ಪಾತ್ರೆಯ ಚಂದವನ್ನು ಹೊಗಳುವ ಗಂಡಸರಲ್ಲಿ ಅದನ್ನು ಬಾವಿಯ ಕಟ್ಟೆಯ ಬಳಿ ಕುಳಿತು ತಿಕ್ಕಿದವರು ವಿರಳ. ಬೀದಿಗೆ ಬಂದ ಪಾತ್ರೆಯ ವ್ಯಾಪಾರಿ ಹಳೆಯ ಹಿತ್ತಾಳೆಯನ್ನು ತೂಕಕ್ಕೆ ತೆಗೆದುಕೊಂಡು ಹೊಳೆಯುವ ಹೊಸ ಸ್ಟೀಲು ಪಾತ್ರೆ ಕೊಟ್ಟಾಗ, ಗೃಹಿಣಿಯು ತನ್ನ ಬೆನ್ನುನೋವನ್ನೂ ಅದರೊಡನೆ ಕೊಟ್ಟು ಕಳುಹಿಸಿದಳು. ಇತ್ತ ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ದಶಮಾನ ಪದ್ಧತಿ ಬಂದು, ಪಾವು ಸೇರು ಕೊಳಗಗಳು ಕ್ರಮೇಣ ಅಂಗಡಿಯ ಲೆಕ್ಕದಿಂದ ಹೊರಬಿದ್ದವು. ಸೇರು ಮಾತ್ರ ಒಂದು ಅಧಿಕಾರವನ್ನು ಉಳಿಸಿಕೊಂಡಿದೆ: ಹೊಸ ಸೊಸೆ ಹೊಸಿಲು ದಾಟುವಾಗ ಅಕ್ಕಿ ತುಂಬಿ ಇಡಲು ಅನೇಕ ಮನೆಗಳಲ್ಲಿ ಇಂದಿಗೂ ಅದೇ ಬೇಕು.

ಹೀಗೆ ಮನೆ ಬಿಟ್ಟ ಪಾತ್ರೆಗೆ ಮೂರು ಬೆಲೆಗಳುಂಟು. ಒಂದು ಲೋಹದ ಬೆಲೆ. ಅದು ತಕ್ಕಡಿಗೆ ಗೊತ್ತು. ಇನ್ನೊಂದು ಕೆಲಸದ ಬೆಲೆ. ಅದು ಬಲ್ಲವನಿಗೆ ಗೊತ್ತು. ಬೆರಳಿನಿಂದ ತಟ್ಟಿದರೆ ಕಂಚು ಗಂಟೆಯಂತೆ ನುಡಿಯುತ್ತದೆ, ಹಿತ್ತಾಳೆಯ ದನಿ ಬೇಗನೆ ಅಡಗುತ್ತದೆ. ಬಡಿದು ಮಾಡಿದ ಪಾತ್ರೆಯಲ್ಲಿ ಸುತ್ತಿಗೆಯ ಗುರುತು ಉಳಿದಿರುತ್ತದೆ. ಎರಡು ಭಾಗ ಸೇರಿಸಿದ ಹಳೆಯ ಹಂಡೆಯ ಹೊಟ್ಟೆಯಲ್ಲಿ ಬೆಸುಗೆಯು ಹಲ್ಲುಹಲ್ಲಾಗಿ ತೋರುತ್ತದೆ. ಮೂರನೆಯದು ಬಾಳಿನ ಬೆಲೆ. ಮದುವೆಯಲ್ಲಿ ಮುಯ್ಯಿಯಾಗಿ ಬಂದ ಪಾತ್ರೆಯ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರುಂಟಷ್ಟೆ; ಕೊಟ್ಟವರಾರು, ಪಡೆದವರಾರು ಎಂಬುದನ್ನು ಅದು ಹೇಳುತ್ತದೆ. ಈ ಬೆಲೆ ಆ ಮನೆಯವರಿಗಲ್ಲದೆ ಬೇರೆ ಯಾರಿಗೂ ಪೂರ್ತಿಯಾಗಿ ತಿಳಿಯದು. ವಿಚಿತ್ರವೇನೆಂದರೆ, ಮೂರನೆಯ ಬೆಲೆಯನ್ನು ಬಲ್ಲವರು ಎರಡನೆಯದನ್ನು ಅರಿಯದೆ ಮೊದಲನೆಯದಕ್ಕೆ ಮಾರುತ್ತಾರೆ. ಎರಡನೆಯದನ್ನು ಅರಿತವನು ಮೊದಲನೆಯದಕ್ಕೆ ಕೊಂಡು, ತನಗೆ ಗೊತ್ತಿಲ್ಲದ ಮೂರನೆಯದನ್ನೂ ಕಥೆಯಾಗಿ ಕಟ್ಟಿ ಮಾರುತ್ತಾನೆ.

ಒಬ್ಬ ವೃದ್ಧೆಯು ಅತ್ತೆಯ ಕಾಲದ ಕಂಚಿನ ಗಿಂಡಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಂತೆಗೆ ತಂದಳೆಂದಿಟ್ಟುಕೊಳ್ಳಬಹುದು. ಮೊಮ್ಮಗನ ಶಾಲೆಯ ಹಣ ಕಟ್ಟಬೇಕು. “ಇದಕ್ಕೇನು ಕೊಡ್ತೀಯಪ್ಪಾ?” ಎಂದು ಆಕೆ ಕೇಳುತ್ತಾಳೆ. ಕೊಳ್ಳುವವನು ಅದನ್ನು ಒಮ್ಮೆ ತಿರುಗಿಸಿ ನೋಡಿದೊಡನೆಯೇ, ಇಂಥ ಎರಕ ಈಗ ಸಿಕ್ಕುವುದಿಲ್ಲವೆಂಬುದು ಅವನಿಗೆ ಹೊಳೆಯುತ್ತದೆ. “ಹಳೇದಮ್ಮಾ, ಕೇಜಿ ಲೆಕ್ಕ ಅಷ್ಟೇ” ಎಂದು ಅವನು ಹೇಳಿದರೆ ಅದು ಸರಿಯೇ?

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಕೇಳಬೇಕು. ವ್ಯಾಪಾರಿ ಹೇಳುವನು: ‘ಈ ಅರಿವು ಪುಕ್ಕಟೆಯಾಗಿ ಬಂದುದಲ್ಲ. ಹತ್ತಾರು ವರ್ಷ ಬಿಸಿಲಿನಲ್ಲಿ ಸಂತೆ ಅಲೆದು, ಅನೇಕ ಸಲ ಮೋಸಹೋಗಿ, ಇದನ್ನು ಸಂಪಾದಿಸಿದ್ದಾಯಿತು. ಕೊಂಡ ಪಾತ್ರೆ ಮೂರು ವರ್ಷ ಮಾರಾಟವಾಗದೆ ಕುಳಿತಿರಬಹುದು; ಬಾಡಿಗೆ, ಬಡ್ಡಿ, ತಿಕ್ಕುವವರ ಕೂಲಿ ಯಾರು ಕೊಡುವರು? ವೈದ್ಯನು ತನ್ನ ವಿದ್ಯೆಗೆ ಹಣ ಪಡೆಯುವುದು ಸರಿಯಾದರೆ ಇದೇಕೆ ತಪ್ಪು? ಇಷ್ಟಕ್ಕೂ, ಇಂದು ನಾನು ಕೊಳ್ಳದಿದ್ದರೆ ನಾಳೆ ಅದು ಕರಗಿ ನಲ್ಲಿಯ ತಿರುಗುಣಿಯಾಗುವುದು. ವಸ್ತುವನ್ನು ಉಳಿಸಿದವನು ನಾನು.’

ಈ ಮಾತುಗಳಲ್ಲಿ ಸುಳ್ಳಿಲ್ಲ. ಕುಲುಮೆಯಿಂದ ಪಾರಾದ ಒಂದೊಂದು ಪಾತ್ರೆಯೂ ಒಬ್ಬ ಹೆಸರಿಲ್ಲದ ಕಂಚುಗಾರನ ಕೈಕೆಲಸದ ಸಾಕ್ಷಿ. ಪುಣೆಯಲ್ಲಿ ಕನ್ನಡಕದ ವ್ಯಾಪಾರ ನಡೆಸುತ್ತಿದ್ದ ದಿನಕರ ಗಂಗಾಧರ ಕೇಳ್ಕರರು (೧೮೯೬–೧೯೯೦) ದೀಪ, ಅಡಕೊತ್ತು, ಪಾತ್ರೆಪದಾರ್ಥಗಳನ್ನು ಊರೂರು ತಿರುಗಿ ಸಂಗ್ರಹಿಸದಿದ್ದರೆ, ಎಳೆವಯಸ್ಸಿನಲ್ಲಿ ತೀರಿಕೊಂಡ ಅವರ ಮಗ ರಾಜಾನ ಹೆಸರಿನ ವಸ್ತುಸಂಗ್ರಹಾಲಯ ಇಂದು ಇರುತ್ತಿರಲಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಎಚ್. ಎಲ್. ನಾಗೇಗೌಡರು ಒಕ್ಕಲು ಮನೆಯ ಸಾಮಾನುಗಳಿಗೆ ನೆಲೆ ಕೊಟ್ಟರು. ಸಂಗ್ರಹವೆಂಬುದು ತನ್ನಷ್ಟಕ್ಕೆ ದೋಷವಲ್ಲವೆಂಬುದಕ್ಕೆ ಇಷ್ಟು ಸಾಕು. ಆದರೆ ಕೇಳ್ಕರರು ತಮ್ಮ ಸಂಗ್ರಹವನ್ನು ೧೯೭೫ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ಅಂಥ ತ್ಯಾಗವನ್ನು ಹೊಟ್ಟೆಪಾಡಿನ ವ್ಯಾಪಾರಿಯಿಂದ ಕೇಳುವುದು ಸಲ್ಲದು. ಅವರ ಪುಣ್ಯವನ್ನು ತನ್ನ ಲಾಭಕ್ಕೆ ಹೊದಿಕೆಯಾಗಿ ಬಳಸುವುದೂ ಅವನಿಗೆ ಸಲ್ಲದು. ವಸ್ತುವನ್ನು ಉಳಿಸಿದ್ದು ವಸ್ತುವಿಗೆ ಮಾಡಿದ ಉಪಕಾರ. ವೃದ್ಧೆಗೆ ಮಾಡಿದ್ದೇನು ಎಂಬ ಪ್ರಶ್ನೆ ಹಾಗೆಯೇ ನಿಂತಿರುತ್ತದೆ.

ಈ ಪ್ರಶ್ನೆ ಹೊಸದಲ್ಲ. ಕ್ರಿ. ಪೂ. ೪೪ರಲ್ಲಿ ರೋಮಿನ ಸಿಸಿರೋ ತನ್ನ ಮಗನಿಗಾಗಿ ಬರೆದ ಕರ್ತವ್ಯವಿಚಾರದ ಗ್ರಂಥದಲ್ಲಿ ಒಂದು ಉದಾಹರಣೆ ಬರುತ್ತದೆ. ಬರಗಾಲದ ರೋಡ್ಸ್ ದ್ವೀಪಕ್ಕೆ ವರ್ತಕನೊಬ್ಬನು ಧಾನ್ಯ ತರುತ್ತಾನೆ. ಹಿಂದಿನಿಂದ ಇನ್ನೂ ಅನೇಕ ಹಡಗುಗಳು ಬರುತ್ತಿರುವುದು ಅವನಿಗೆ ಮಾತ್ರ ಗೊತ್ತು. ಹೇಳಬೇಕೆ, ಮುಚ್ಚಿಡಬಹುದೆ? ಒಂದೇ ಪಂಥದ ಇಬ್ಬರು ತತ್ತ್ವಜ್ಞರಲ್ಲಿ ಡಯೋಜೆನಿಸನು, ಸುಳ್ಳು ಹೇಳದಿದ್ದರೆ ಸಾಕು, ತಿಳಿದುದನ್ನೆಲ್ಲ ಹೇಳುವ ಹೊಣೆಯಿಲ್ಲವೆಂದನು, ಆಂಟಿಪಾಟರನು ಹೇಳಲೇಬೇಕೆಂದನು. ಸಿಸಿರೋ ಎರಡನೆಯವನ ಕಡೆಗೆ ವಾಲುತ್ತಾನೆ. ಅಲ್ಲಿ ಮಾರುವವನು ಬಲ್ಲವನು, ಕೊಳ್ಳುವವನು ಅರಿಯದವನು. ಸಂತೆಯ ಗಿಂಡಿಯ ವಿಷಯದಲ್ಲಿ ಇದು ತಲೆಕೆಳಗು. ಆದರೆ ಅರಿವು ಯಾರ ಕಡೆಗಿದೆಯೋ ಹೊಣೆಯೂ ಅವರ ಕಡೆಗೇ ಎಂಬ ತತ್ತ್ವ ಬದಲಾಗುವುದಿಲ್ಲ.

ನಮ್ಮ ದೇಶದ ಧರ್ಮಶಾಸ್ತ್ರವು ಈ ಸಂಗತಿಯನ್ನು ಕೊಳ್ಳುವವನ ಕಡೆಯಿಂದಲೇ ನೋಡಿರುವುದು ಗಮನಾರ್ಹ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ, ಒಡೆಯನಲ್ಲದವನು ಮಾಡಿದ ಮಾರಾಟವನ್ನು ಕುರಿತ ಪ್ರಕರಣದಲ್ಲಿ, ಕೊಂಡವನನ್ನು ಶಂಕಿಸಲು ಕೆಲವು ಗುರುತುಗಳನ್ನು ಹೇಳಿದೆ: ಅಂಥ ಸ್ವತ್ತು ಇರಲಾರದ ಹೀನಸ್ಥಿತಿಯವನಿಂದ, ಗುಟ್ಟಾಗಿ, ತೀರ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನು ಕಳ್ಳನಿಗೆ ಸಮಾನ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ಆಳುತ್ತಿದ್ದ ಕಲ್ಯಾಣದಲ್ಲಿದ್ದವನು. ಸ್ಮೃತಿಯ ಸಂದರ್ಭ ಕದ್ದ ಸ್ವತ್ತಿನದು. ವೃದ್ಧೆಯ ಗಿಂಡಿ ಆಕೆಯದೇ. ಆದರೂ ಆ ನಿಯಮದೊಳಗಿನ ವಿವೇಕ ಇಲ್ಲಿಗೂ ದೂರವಲ್ಲ. ಬೆಲೆ ತೀರ ಇಳಿದಿದ್ದರೆ ಅದಕ್ಕೊಂದು ಕಾರಣವಿದ್ದೇ ಇರುತ್ತದೆ. ಆ ಕಾರಣವನ್ನು ವಿಚಾರಿಸದೆ ಸಂತೋಷಪಟ್ಟವನು ಪೂರ್ತಿಯಾಗಿ ನಿರ್ದೋಷಿಯಲ್ಲ.

ಇಷ್ಟಾದ ಮೇಲೆ ಸಿದ್ಧಾಂತವನ್ನು ಹೇಳಬಹುದು. ಮಾರುವವರೆಲ್ಲರೂ ಒಂದೇ ಅಲ್ಲ. ಗುಜರಿಯವನು ತಾನೂ ವ್ಯಾಪಾರಿ. ತೂಕಕ್ಕೆ ಕೊಂಡು ತೂಕಕ್ಕೆ ಮಾರಿ ತನ್ನ ಲಾಭವನ್ನು ಪಡೆದಿರುತ್ತಾನೆ. ಅವನ ರಾಶಿಯಿಂದ ಒಳ್ಳೆಯದನ್ನು ಆರಿಸಿಕೊಂಡವನ ಲಾಭ ಕಣ್ಣಿನ ಕೂಲಿ. ಆದರೆ ಮನೆಯಿಂದ ತಂದು ಮಾರುವವರು ವ್ಯಾಪಾರಿಗಳಲ್ಲ. ಅವರು ಬಂದಿರುವುದು ಕೊರತೆಯಿಂದ. ಅವರು ಬೆಲೆ ಕೇಳಿದಾಗ ಅದು ಚೌಕಾಸಿಯ ಪ್ರಶ್ನೆಯಲ್ಲ, ಬಲ್ಲವನೊಡನೆ ಕೇಳಿದ ಸಲಹೆ. ಸಲಹೆ ಕೇಳಿದವರಿಗೆ ‘ಕೇಜಿ ಲೆಕ್ಕ ಅಷ್ಟೇ’ ಎಂದು ಹೇಳುವುದು ಬರಿಯ ಮೌನವಲ್ಲ, ಅದು ಸುಳ್ಳು. ಡಯೋಜೆನಿಸನ ಸಡಿಲವಾದ ನಿಯಮದಲ್ಲಿಯೂ ಅದಕ್ಕೆ ಎಡೆಯಿಲ್ಲ. ಅಲ್ಲಿ ಮಾಡತಕ್ಕುದು ಇಷ್ಟು: ‘ಅಮ್ಮಾ, ತೂಕಕ್ಕೆ ಕೊಡಬೇಡಿ, ಇದಕ್ಕೆ ಹೆಚ್ಚು ಬರುತ್ತದೆ; ನನ್ನ ಖರ್ಚು, ಲಾಭ ಇಟ್ಟುಕೊಂಡು ಇಷ್ಟು ಕೊಡಬಲ್ಲೆ’ ಎಂದು ಹೇಳುವುದು. ಇದರಿಂದ ವ್ಯಾಪಾರ ಮುಳುಗುವುದಿಲ್ಲ. ಲಾಭ ಕಡಿಮೆಯಾಗುತ್ತದೆ, ಅಷ್ಟೆ. ಮಾರುವ ಮನಸ್ಸು ಆಕೆಗೆ ಆಗ ಬದಲಾದರೆ, ಪಾತ್ರೆ ಹಿಂದಿರುಗಿ ಮನೆಗೇ ಹೋಗಲಿ. ಅದಕ್ಕಿಂತ ಒಳ್ಳೆಯ ಸಂಗ್ರಹಾಲಯ ಅದಕ್ಕೆ ಬೇರೊಂದಿಲ್ಲ.

ಮಾರುವ ಕಡೆಯ ಧರ್ಮವೂ ಉಂಟು. ಹೊಸ ಎರಕಕ್ಕೆ ಆಮ್ಲ ಬಳಿದು, ಒದ್ದೆ ಮಣ್ಣಿನಲ್ಲಿ ಹೂತು, ಹಸುರು ಕಿಲುಬು ಬರಿಸಿ ‘ಅರಮನೆಯ ಪಾತ್ರೆ’ ಎಂದು ಹೇಳುವವರಿದ್ದಾರೆ. ಇದು ಮೋಸವೆಂಬುದರಲ್ಲಿ ವಿವಾದವಿಲ್ಲ. ಕಾಯಿದೆಯು ಕೆಲವನ್ನು ತಡೆಯುತ್ತದೆ: ೧೯೭೨ರಲ್ಲಿ ಆಗಿ ೧೯೭೬ರಲ್ಲಿ ಜಾರಿಗೆ ಬಂದ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ೧೦೦ ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ, ಕೈಕೆಲಸದ ವಸ್ತುಗಳು ಪುರಾತನವೆನಿಸುತ್ತವೆ, ಅವನ್ನು ಪರವಾನಗಿಯಿಲ್ಲದೆ ವ್ಯಾಪಾರ ಮಾಡಕೂಡದು, ಖಾಸಗಿಯವರು ದೇಶದ ಹೊರಕ್ಕೆ ಸಾಗಿಸಕೂಡದು. ಆದರೆ ಸಂತೆಗೆ ಬರುವ ಪಾತ್ರೆಗಳಲ್ಲಿ ಅಜ್ಜಿಯ ಕಾಲದವೇ ಬಹಳ. ಅವು ನೂರು ತುಂಬದವು. ಅವುಗಳ ವಿಷಯದಲ್ಲಿ ಈ ಕಾಯಿದೆ ಮೌನವಾಗಿದೆ. ಅಲ್ಲಿ ಮನಸ್ಸಾಕ್ಷಿಯೊಂದೇ ಕಾವಲು.

ಕೊನೆಗೆ ಅಂಚಿನ ಮೇಲಿನ ಹೆಸರಿನ ಮಾತು. ಕೆಲವರು ಅದನ್ನು ಅರದಿಂದ ಉಜ್ಜಿ ಅಳಿಸುತ್ತಾರೆ, ಕೊಳ್ಳುವವರಿಗೆ ಪರರ ಹೆಸರು ಮುಜುಗರವೆಂದು. ಇನ್ನು ಕೆಲವರು ಅದನ್ನೇ ಹಳೆತನದ ಮುದ್ರೆಯೆಂದು ತೋರಿಸಿ ಹೆಚ್ಚಿನ ಬೆಲೆ ಹೇಳುತ್ತಾರೆ. ಅಳಿಸುವುದು ಕೃತಘ್ನತೆ, ಮೆರೆಸುವುದು ಇನ್ನೊಬ್ಬರ ನೆನಪನ್ನು ದುಡಿಸಿಕೊಳ್ಳುವುದು. ಇವೆರಡರ ನಡುವೆ ಒಂದು ದಾರಿಯಿದೆ. ಕೊಳ್ಳುವಾಗ ಯಾವ ಊರು, ಯಾರ ಮನೆ, ಯಾವ ಬಳಕೆ ಎಂಬುದನ್ನು ಕೇಳಿ, ಮನೆಯವರು ಒಪ್ಪಿದಷ್ಟನ್ನು ಬರೆದಿಟ್ಟು, ಪಾತ್ರೆಯೊಡನೆ ಆ ಚೀಟಿಯನ್ನೂ ಕೊಟ್ಟರೆ, ವಸ್ತು ಅನಾಥವಾಗುವುದಿಲ್ಲ. ಇದಕ್ಕೆ ತಗಲುವ ವೆಚ್ಚ ಒಂದು ಕಾಗದ, ಒಂದು ಗಳಿಗೆ. ಹಂಡೆಯನ್ನು ಹೋಟೆಲಿನ ಬಾಗಿಲಲ್ಲಿ ಹೂವಿನ ಕುಂಡವಾಗಿ ಇಟ್ಟರೂ, ಅದರಲ್ಲಿ ಯಾರ ಮನೆಯ ಮಕ್ಕಳಿಗೆ ಎಣ್ಣೆನೀರಿನ ಬಿಸಿ ಕಾದಿತೆಂಬುದು ತಿಳಿದಿದ್ದರೆ, ಹಂಡೆಗೆ ಅಷ್ಟು ಅಪಮಾನವಿಲ್ಲ.

ಸಿಸಿರೋ ಅದೇ ಗ್ರಂಥದಲ್ಲಿ ಇನ್ನೊಂದು ಸಂಗತಿಯನ್ನು ಹೇಳಿದ್ದಾನೆ. ಕ್ವಿಂಟಸ್ ಸ್ಕೇವೊಲಾ ಎಂಬವನು ಜಮೀನೊಂದನ್ನು ಕೊಳ್ಳಲು ಹೋಗಿ, ಒಂದೇ ಮಾತಿನಲ್ಲಿ ಬೆಲೆ ಹೇಳೆಂದು ಕೇಳಿದನು. ಮಾರುವವನು ಹೇಳಿದನು. ‘ನನ್ನ ಎಣಿಕೆಯಲ್ಲಿ ಇದು ಹೆಚ್ಚು ಬಾಳುತ್ತದೆ’ ಎಂದು ಸ್ಕೇವೊಲಾ ಅದರ ಮೇಲೆ ಒಂದು ಲಕ್ಷ ನಾಣ್ಯಗಳನ್ನು ಸೇರಿಸಿ ಕೊಟ್ಟನು. ಇವನು ಒಳ್ಳೆಯವನೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಜಾಣನೆಂದು ಮಾತ್ರ ಒಪ್ಪಲಿಲ್ಲ. ಒಳ್ಳೆಯತನ ಬೇರೆ, ಜಾಣತನ ಬೇರೆ ಎಂದು ಜನ ಭಾವಿಸುವುದೇ ದೊಡ್ಡ ಕೇಡೆಂದು ಸಿಸಿರೋ ಕೊರಗುತ್ತಾನೆ.

ಎರಡು ಸಾವಿರ ವರ್ಷಗಳ ಮೇಲೂ ಸಂತೆಯ ಅಂಚಿನಲ್ಲಿ ಆ ಭೇದ ಹಾಗೆಯೇ ಇದೆ. ವೃದ್ಧೆಯು ಸೆರಗಿನಿಂದ ಗಿಂಡಿಯನ್ನು ತೆಗೆದು ಕೆಳಗಿಟ್ಟ ಗಳಿಗೆಯಲ್ಲಿ, ಅದನ್ನು ಕೈಗೆತ್ತಿಕೊಂಡವನು ಗಿಂಡಿಯ ಬೆಲೆಯನ್ನು ಕಟ್ಟುವಾಗಲೇ ತನ್ನ ಬೆಲೆಯನ್ನೂ ಕಟ್ಟಿಕೊಳ್ಳುತ್ತಾನೆ. ಆಕೆಗೆ ಗಿಂಡಿಯ ಬೆಲೆ ತಿಳಿಯದಿರಬಹುದು. ಅವನಿಗೆ ಎರಡೂ ತಿಳಿದಿರುತ್ತದೆ.